ಕೀಲೆಣ್ಣೆ ಕುಡಿದ ಬೈಸಿಕಲ್ಲು

ನಿನ್ನೆಯಿಂದ ನಮ್ಮ ಮನೆಯ ಮುಂದೆ ಒಂದು ಕಮಾನು ಬಂಡಿ ನಿಂತಿದೆ. ಬಂಡಿಯವನು ಬಿದಿರಿನ ಗೊಟ್ಟದಲ್ಲಿ ಕಡ್ಡಿ ಅದ್ದಿ ಗಾಲಿಗಳ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದಾನೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಆ ಕರಿ ಮುದ್ದೆಯ ವಾಸನೆ ಕಿಟಕಿಯಿಂದ ಒಳಗೆ ಬಂದು, ಒಂದು ಹಳೆಯ ಅಂಜಿಕೆಯನ್ನು ಎಬ್ಬಿಸಿತು. ನಿಮಗಾದರೆ ಇದೇ ವಾಸನೆಯಿಂದ ಎತ್ತಿನ ಗೆಜ್ಜೆ, ಬೇಸಗೆಯ ರಜೆ ನೆನಪಾಗಬಹುದು. ನನಗೆ ಬೈಸಿಕಲ್ಲು ನೆನಪಾಗುತ್ತದೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ಹೇಳುವುದು ಅಷ್ಟು ನಗುವ ಸಂಗತಿಯಲ್ಲ.

ಬಂಡಿ ಬಂದದ್ದು ಬಾದನಹಟ್ಟಿಯಿಂದ. ತಂದವನು ನನ್ನ ಹೆಂಡತಿಯ ಅಣ್ಣ ಶೇಷ. ಚೊಚ್ಚಲ ಹೆರಿಗೆಗೆ ತಂಗಿಯನ್ನು ಕರೆದೊಯ್ಯಲು ಬಂದಿದ್ದಾನೆ. ನಿನ್ನೆ ಸಂಜೆಯಿಂದ ನಾನು ಅವನೊಂದಿಗೆ ವಾದ ಹೂಡಿದ್ದೇನೆ. ಆ ವಾದ ಅಲ್ಲೇ ಇರಲಿ. ಮೊದಲು ಬೈಸಿಕಲ್ಲು.

ಆರೇಳು ವರ್ಷದ ಹಿಂದೆ ನಾನು ಇನ್ನೂ ಮೀಸೆ ಸರಿಯಾಗಿ ಬಾರದ, ಆದರೆ ನಾಲಿಗೆ ಪೂರ್ತಿ ಬೆಳೆದ ಹುಡುಗ. ಬಳ್ಳಾರಿಯಲ್ಲಿ ನಮ್ಮದೊಂದು ವಾದಸಭೆ ಇತ್ತು. ಒಂದು ವಾರ ಯಾವ ಪಕ್ಷ ಹಿಡಿದು ಮಾತಾಡಿದೆವೋ ಮರುವಾರ ಅದರ ಎದುರು ಪಕ್ಷ ಹಿಡಿದು ಮಾತಾಡಬೇಕು, ಅಷ್ಟೇ ಅದರ ನಿಯಮ. ಇದೇನು ಬಿಳಿಯರ ಶಾಲೆಯಿಂದ ಕಲಿತ ವಿದ್ಯೆಯಲ್ಲ. ನಮ್ಮಂಥ ವೈಷ್ಣವರ ಮನೆಯಲ್ಲಿ ಊಟದ ಎಲೆಯ ಮುಂದೆಯೂ ಪೂರ್ವಪಕ್ಷ ಹೇಳಿಯೇ ಸಿದ್ಧಾಂತಕ್ಕೆ ಬರುವುದು ರೂಢಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದವನಿಗೆ ಅದನ್ನು ಖಂಡಿಸುವ ಹಕ್ಕಿಲ್ಲ ಎನ್ನುತ್ತಿದ್ದರು ಅಪ್ಪ. ನಾನು ಖಂಡಿಸುವ ಭಾಗವನ್ನಷ್ಟೇ ಪ್ರೀತಿಯಿಂದ ಕಲಿತಿದ್ದೆ.

ಅಕ್ಕ ರುಕ್ಮಿಣಿಯ ಮದುವೆಯಲ್ಲೇ ಅದರ ಪ್ರಯೋಗವಾಯಿತು. ಅವಳ ಮಾವ, ಸಿರುಗುಪ್ಪದ ವೆಂಕಣ್ಣಾಚಾರ್ಯರು, ಪಂಚಾಂಗದಲ್ಲಿ ಪಳಗಿದವರು. ಮುಹೂರ್ತದ ಹೊತ್ತು ಅಳೆಯಲು ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲು ಮುಳುಗುವುದನ್ನೇ ನೋಡುತ್ತ ಕೂತಿದ್ದವರನ್ನು ನಾನು ಎಲ್ಲರೆದುರು ಕೇಳಿದೆ: "ಆಚಾರ್ರೇ, ಸ್ಟೇಷನ್ನಿನ ಗಡಿಯಾರ ಮದ್ರಾಸಿನ ಹೊತ್ತು ತೋರಿಸ್ತದ, ನಿಮ್ಮ ಬಟ್ಟಲು ಬಳ್ಳಾರಿದು ತೋರಿಸ್ತದ. ಗುರು ಗ್ರಹ ಯಾವ್ದನ್ನ ನೋಡಿ ಮನಿ ಬದಲಿ ಮಾಡ್ತಾನ್ರಿ?" ಹುಡುಗರು ನಕ್ಕರು. ಆಚಾರ್ಯರು ನಗಲಿಲ್ಲ.

ಆಮೇಲೆ ಆ ಮನೆಯಿಂದ ಒಂದು ಕೆಟ್ಟ ಸುದ್ದಿ ಬಂತು. ಹಿರಿಯ ಸೊಸೆ ಹೆರಿಗೆಯಲ್ಲಿ ತೀರಿಕೊಂಡಳು ಎಂದು. ಸೂತಕದ ಸುದ್ದಿಯನ್ನು ಯಾರೂ ಕೆದಕಿ ಕೇಳುವುದಿಲ್ಲ, ನಮ್ಮವರೂ ಕೇಳಲಿಲ್ಲ. ಮರುವರ್ಷ ಅಕ್ಕ ಬಸುರಿಯಾದಾಗ ಅಮ್ಮನ ಮುಖದಿಂದ ನಗು ಹೋಯಿತು. "ಆ ಮನ್ಯಾಗ ಒಬ್ಬಾಕಿ ಹೋದ್ಲು. ನನ್ನ ಮಗಳು ನನ್ನ ಕಣ್ಣ ಮುಂದ ಹಡಿಲಿ. ಹೆಂಗರ ಮಾಡಿ ಕರಕೊಂಡು ಬರ್ರಿ" ಎಂದು ಅಪ್ಪನನ್ನೂ ನನ್ನನ್ನೂ ಅಟ್ಟಿದಳು.

ಸಿರುಗುಪ್ಪದ ಪಡಸಾಲೆಯಲ್ಲಿ ಆಚಾರ್ಯರು ಒಂದೊಂದೇ ಕಾರಣ ಹೇಳಿದರು. ರಸ್ತೆ ಕೆಟ್ಟಿದೆ. ನಿಮ್ಮ ಎತ್ತು ಬೆದರುತ್ತವೆ. ಬಿಸಿಲು ಹೆಚ್ಚು. ದಿನ ಚೆನ್ನಾಗಿಲ್ಲ. ನಾನು ಒಂದೊಂದನ್ನೂ ಕತ್ತರಿಸುತ್ತ ಹೋದೆ. ಅಪ್ಪ ನನ್ನ ತೊಡೆ ಚಿವುಟಿ, "ಸುಮ್ಮನಿರೋ" ಎಂದರು. ನಾನು ಸುಮ್ಮನಿರಲಿಲ್ಲ.

"ಏನು ಮಾಡಿದ್ರ ಕಳಸ್ತೀರಿ? ಅದೊಂದು ಹೇಳ್ರಿ."

ಆಚಾರ್ಯರು ನನ್ನನ್ನು ದಿಟ್ಟಿಸಿದರು. "ಕೌಲ್ ಬಜಾರದಾಗ ಏನೋ ಕಬ್ಬಿಣದ ಕುದುರಿ ರಿಪೇರಿ ಮಾಡಸಾಕ ಹತ್ತೀಯಂತಲ್ಲ? ಅದನ್ನ ಹತ್ತಿ ಬಳ್ಳಾರಿಯಿಂದ ನನ್ನ ಬಾಗಲ ತನಕ ಬಾ. ದೂಡಿಕೊಂಡಲ್ಲ, ಹತ್ತಿ. ಏಳನೇ ತಿಂಗಳು ಮುಗಿಯೋದ್ರಾಗ ಬಂದ್ರ ಕಳಸ್ತೀನಿ. ಇಲ್ಲಂದ್ರ ಬಾಣಂತನ ಇಲ್ಲೇ."

ಎಂಟನೇ ತಿಂಗಳು ಬಿದ್ದರೆ ಬಸುರಿಯನ್ನು ಬಂಡಿ ಹತ್ತಿಸುವುದಿಲ್ಲ. ಬಾಗಿಲ ಸಂದಿಯಲ್ಲಿ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು. ನಾನು "ಆಗಲಿ" ಎಂದೆ.

ಈಗ ಆ ಕುದುರೆಯ ಜಾತಕ ಕೇಳಿ. ದಂಡಿನವರು ಊರು ಬಿಟ್ಟು ಹೋಗುವಾಗ ಹರಾಜಿಗೆ ಹಾಕಿದ ಹಳೇ ಸಾಮಾನಿನಲ್ಲಿ ಸಿಕ್ಕ ಬೈಸಿಕಲ್ಲು ಅದು. ಆಗಲೇ ಗಾಳಿ ತುಂಬುವ ರಬ್ಬರಿನ ಗಾಡಿಗಳು ಬಂದಿದ್ದವು. ನನ್ನದು ಅದಕ್ಕೂ ಹಿಂದಿನದು, ಗಟ್ಟಿ ರಬ್ಬರಿನ ಪಟ್ಟಿಯದು. ತುಕ್ಕು ತಿಂದ ಮೈ, ಸೊಟ್ಟಗಾದ ಗಾಲಿ, ಹರಿದ ಸರಪಣಿ. ಕೌಲ್ ಬಜಾರಿನಲ್ಲಿ ಬೀಗ, ಟ್ರಂಕು, ಲಾಂದ್ರ ರಿಪೇರಿ ಮಾಡುವ ಇಮಾಮಸಾಬರು ಅದನ್ನು ನೆಟ್ಟಗೆ ಮಾಡಿದರು. ತುಕ್ಕು ಉಜ್ಜಿದರು, ಕಡ್ಡಿ ಬಿಗಿದರು, ಕರಿ ಬಣ್ಣ ಬಳಿದು ಅಂಚಿಗೊಂದು ಹಸಿರು ಗೆರೆಯನ್ನೂ ಎಳೆದರು. ನೋಡಲು ಮದುಮಗನಂತಿತ್ತು. ಆದರೆ ಓಡಬೇಕಲ್ಲ?

ಮೊದಲ ಸಲ ಹಲಕುಂದಿ ಮಠದ ತನಕ ಹೋಗಿಬಂದೆ. ಬರುವಾಗ ಕೊಂಚ ಭಾರವೆನಿಸಿತು. ನನ್ನ ಮಾತಿನ ಚಪಲ ನೋಡಿ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದ ಇಮಾಮಸಾಬರು ಗಾಲಿ ತಿರುಗಿಸಿ ಕಿವಿಗೊಟ್ಟು ಕೇಳಿದರು. "ಗಾಲಿ ಅಳಾಕ ಹತ್ತೈತಿ, ಮಾಸ್ತರ. ಕೀಲೆಣ್ಣಿ ಬೇಡತೈತಿ." ಗಾಲಿಯ ನಡುವಿನ ಗೂಡು ಬಿಚ್ಚಿ, ಅದರೊಳಗಿನ ಉಕ್ಕಿನ ಗುಂಡುಗಳ ಮೇಲೆ ಒಂದು ಮುಷ್ಟಿ ಕೀಲೆಣ್ಣೆ ತುಂಬಿದರು. ಇನ್ನೊಂದು ಸಲ ಹೋದೆ, ಮತ್ತಷ್ಟು ಭಾರ. ಮತ್ತಷ್ಟು ಕೀಲೆಣ್ಣೆ. ಬೀದಿಯಲ್ಲಿ ಹೋಗುವ ಬಂಡಿಯವರೆಲ್ಲ ನಿಂತು ಉಪದೇಶ ಮಾಡಿದರು.

"ಕಂಜೂಸಿ ಮಾಡಬ್ಯಾಡ್ರಿ ಸಾಬ್ರ, ಗಾಲಿ ಹೊಟ್ಟಿ ತುಂಬಾ ಕುಡಿಸ್ರಿ!"

"ಇದೇನು ಗಾಲಿಯೋ, ನಮ್ಮ ಅಳಿಯನೋ? ಎಷ್ಟು ಹಾಕಿದ್ರೂ ಸಾಲಂಗಿಲ್ಲಲ್ಲ!" ಎಂದರು ಇಮಾಮಸಾಬರು.

ನಾವು ಯಾರೂ ಮೂರ್ಖರಲ್ಲ. ನಮ್ಮ ಸೀಮೆಯಲ್ಲಿ ತಿರುಗದ ಗಾಲಿಗೆ ಇರುವುದೇ ಅದೊಂದು ಮದ್ದು. ಅಜ್ಜನ ಕಾಲದಿಂದ ಅದು ಸುಳ್ಳಾದದ್ದನ್ನು ಯಾರೂ ಕಂಡಿಲ್ಲ. ನವಗ್ರಹಗಳನ್ನೇ ಸಾಕ್ಷಿ ಕಟ್ಟೆಗೆ ಕರೆಯುತ್ತಿದ್ದ ನಾನು ಈ ಕರಿ ಮುದ್ದೆಯನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ದಿನ ಕಳೆದವು. ಅಮ್ಮ ಅಂಗಳಕ್ಕೆ ಬಂದು ಬೈಸಿಕಲ್ಲನ್ನು ನೋಡುವಳು, ನನ್ನನ್ನು ನೋಡುವಳು, ಒಳಗೆ ಹೋಗುವಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಏಳನೇ ತಿಂಗಳು ಮುಗಿಯಲು ಎರಡೇ ದಿನ ಉಳಿದಾಗ ಇನ್ನು ಕಾಯುವಂತಿರಲಿಲ್ಲ. ಇಮಾಮಸಾಬರು ಗಾಲಿಗೆ ಕಂಠಮಟ್ಟ ಕುಡಿಸಿ, ನನ್ನ ಬೆನ್ನು ತಟ್ಟಿ, "ಅಲ್ಲಾ ಮಾಲಿಕ್" ಎಂದರು. ಬೆಳಗಿನ ಬೆಳಕಿಗೇ ಹೊರಟೆ.

ಎರೆಹೊಲಗಳ ನಡುವಿನ ದಾರಿ. ಹೊತ್ತು ಏರಿದಂತೆ ಗಾಡಿ ಬಿಗಿಯತೊಡಗಿತು. ಎದುರುಗಾಳಿ ಎಂದುಕೊಂಡೆ. ಏರು ಎಂದುಕೊಂಡೆ. ಇಳಿಜಾರಿನಲ್ಲೂ ತುಳಿಯಬೇಕಾಗಿ ಬಂದಾಗ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಕುರುಗೋಡಿಗೆ ಬರುವಷ್ಟರಲ್ಲಿ ಹಿಂದಿನ ಗಾಲಿ ಬೀಸುವ ಕಲ್ಲಿನಂತೆ ಗರಗರ ಎಂದು ನಿಂತೇಬಿಟ್ಟಿತು. ದೊಡ್ಡ ಬಸವಣ್ಣನ ಗುಡಿಯ ನೆರಳಿನ ಕಲ್ಲಿನ ಮೇಲೆ ಅದನ್ನು ತಲೆಕೆಳಗೆ ನಿಲ್ಲಿಸಿ ಕೂತೆ. ಅಕ್ಕ ಆ ಬಾಗಿಲ ಸಂದಿಯಲ್ಲಿ ನಿಂತಿರುತ್ತಾಳೆ ಎಂಬುದೊಂದೇ ಕಣ್ಣ ಮುಂದೆ.

ಚೀಲದಲ್ಲಿ ಕೀಲೆಣ್ಣೆಯ ಗೊಟ್ಟವಿತ್ತು. ಮುಚ್ಚಳ ತೆಗೆದೆ. ಅಷ್ಟರಲ್ಲಿ ಅಪ್ಪನ ಮಾತು ನೆನಪಾಯಿತು. ಸರಿ, ಎದುರು ಪಕ್ಷ ಹಿಡಿದು ನೋಡೋಣ: ಕೀಲೆಣ್ಣೆಯೇ ರೋಗ. ನಗು ಬಂತು. ಆದರೂ ವಾದ ನಡೆಸಿದೆ. ಬಂಡಿಯಲ್ಲಿ ಅಚ್ಚು ದಪ್ಪ, ತೂತು ಸಡಿಲ. ನಡುವೆ ಮುದ್ದೆ ನಿಲ್ಲಬೇಕು, ಬೂದಿ ಅದನ್ನು ನಿಲ್ಲಿಸುತ್ತದೆ. ಇಲ್ಲಿ ಉರುಳಬೇಕಾದ್ದು ಕಡಲೆಯಷ್ಟು ಗುಂಡುಗಳು. ಅವುಗಳ ನಡುವೆ ಬೂದಿ ಹೋದರೆ? ಅದಕ್ಕೆ ದಾರಿಯ ಧೂಳು ಸೇರಿದರೆ? ನನ್ನ ಎದುರಾಳಿ ಗೆದ್ದಿದ್ದ.

ಗೂಡು ಬಿಚ್ಚಿದೆ. ಒಳಗೆ ಗುಂಡುಗಳೇ ಕಾಣಲಿಲ್ಲ, ಕರಿ ಹಲ್ವದಂಥ ಗಟ್ಟಿ. ಎದುರಿನ ಅಂಗಡಿಯಿಂದ ಸೀಮೆಎಣ್ಣೆ ತಂದು, ಪಂಚೆಯ ಅಂಚು ಹರಿದು, ಒಂದೊಂದೇ ಗುಂಡನ್ನು ತೊಳೆದು ಒರೆಸಿದೆ. ಅಂಗಡಿಯವನು ಇಣುಕಿ, "ಏನ್ರೀ ಸ್ವಾಮಿ, ಕುದುರಿ ಕರುಳು ತೊಳ್ಯಾಕ ಹತ್ತೀರೇನು?" ಎಂದ. ಮುಂದಿನ ಗಾಲಿಗೂ ಅದೇ ಉಪಚಾರ. ಕೊನೆಗೆ ಬೂದಿಯಿಲ್ಲದ ಬರೀ ಎಣ್ಣೆ ಎರಡು ಹನಿ. ಗಾಲಿಯನ್ನು ಬೆರಳಿನಿಂದ ತಟ್ಟಿದೆ. ಅದು ತಿರುಗಿತು. ಸದ್ದಿಲ್ಲದೆ ತಿರುಗುತ್ತಲೇ ಇತ್ತು. ನಿಲ್ಲುವುದೇ ಇಲ್ಲವೇನೋ ಎಂದು ನನಗೇ ಭಯವಾಯಿತು.

ಅಲ್ಲಿಂದ ಸಿರುಗುಪ್ಪಕ್ಕೆ ನಾನು ತುಳಿದೆನೋ, ದಾರಿಯೇ ಹಿಂದಕ್ಕೆ ಓಡಿತೋ ಹೇಳಲಾರೆ. ಕಾಲುವೆಯ ಭತ್ತದ ಗದ್ದೆಗಳ ಹಸಿರು ಕಂಡಾಗ ಬಿಸಿಲು ಬಾಗಿತ್ತು. ಆಚಾರ್ಯರ ಬಾಗಿಲಿಗೆ ಹತ್ತಿಯೇ ಹೋದೆ. ಕಟ್ಟೆಗೆ ಕಾಲು ಕೊಟ್ಟು ನಿಂತೆ. ಹಿಂದೆ ಓಣಿಯ ಮಕ್ಕಳೆಲ್ಲ.

"ಹತ್ತಿ ಬಂದೀನ್ರಿ" ಎಂದೆ. ಮುಂದಿನ ವಾದಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಆಚಾರ್ಯರು ವಾದಕ್ಕೆ ಬರಲಿಲ್ಲ. ಬೈಸಿಕಲ್ಲನ್ನು ನೋಡುತ್ತ ಕಟ್ಟೆಯ ಮೇಲೆ ಕೂತರು. ಮೆಲ್ಲಗೆ ಹೇಳಿದರು: "ಹಿರೀ ಸೊಸಿನೂ ಇದೇ ಬಾಗಲದಿಂದನ ತವರಿಗೆ ಹೋದ್ಲಪಾ. ಮುಹೂರ್ತ ನಾನ ತಗದು ಕೊಟ್ಟಿದ್ದೆ."

ಆಗ ತಿಳಿಯಿತು. ಅವಳು ಸತ್ತದ್ದು ಈ ಮನೆಯಲ್ಲಲ್ಲ. "ಬಂಡಿ ಮ್ಯಾಲೆ ಸುದ್ದಿ ಬರೋದು ತಡ ಆತು. ಆಕಿ ಹೋಗಿ ಎರಡು ದಿನ ಆಗಿತ್ತು; ನಾವಿಲ್ಲಿ ಹಬ್ಬದ ಹೋಳಿಗಿ ಉಣ್ಣಾಕ ಹತ್ತಿದ್ವಿ" ಎಂದರು. ರಸ್ತೆ, ಎತ್ತು, ಬಿಸಿಲು, ದಿನ, ಎಲ್ಲದರ ಹಿಂದೆ ಇದ್ದದ್ದು ಈ ಒಂದೇ ಮಾತು. ನನ್ನಮ್ಮನೂ ಈ ಮುದುಕನೂ ಒಂದೇ ಅಂಜಿಕೆಯನ್ನು ಎರಡು ಕಡೆಯಿಂದ ಹಿಡಿದು ಜಗ್ಗುತ್ತಿದ್ದರು.

ಒಳಗಿನಿಂದ ಅಕ್ಕನ ದನಿ ಬಂತು. "ಹೋಗಿ ಬರ್ತೀನ್ರಿ ಮಾವ. ಬರ್ತೀನಿ."

ಆಚಾರ್ಯರು ಎದ್ದು ಬಂದು ಬೈಸಿಕಲ್ಲಿನ ಹಿಡಿಯ ಮೇಲೆ ಕೈಯಿಟ್ಟರು. "ಕೂಸು ಹುಟ್ಟಿದ ದಿನಾನ ನೀ ಇದರ ಮ್ಯಾಲ ಬರಬೇಕು. ಸುದ್ದಿ ಏನೇ ಇರ್ಲಿ. ಬರ್ತೀಯೇನು?"

"ಬರ್ತೀನ್ರಿ."

"ನಡುವ ನಿಂತ್ರ?"

"ನಿಲ್ಲಂಗಿಲ್ರಿ" ಎಂದೆ. ಆಧಾರ ಕೊಡದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

ಮರುದಿನ ಅಕ್ಕ ಬಂಡಿ ಹತ್ತಿದಳು. ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸ ಒಂದೇ, ಗುಂಡು ತೊಳೆಯುವುದು. ಇಮಾಮಸಾಬರು ನೋಡಿ, "ಮಾಸ್ತರ, ಇಷ್ಟು ತೊಳದ್ರ ಸವದು ಸಾಸಿವಿ ಆಗ್ತಾವ" ಎಂದು ಬೈದರು. ನಾನು ಬಿಡಲಿಲ್ಲ. ಒಂದು ಬೆಳಿಗ್ಗೆ ಕೋಣೆಯಿಂದ ಕೂಸಿನ ಅಳು ಕೇಳಿತು, ಅದರ ಹಿಂದೆಯೇ ಅಮ್ಮನ ಅಳು. ಬಾಗಿಲಿಗೆ ಓಡಿದೆ. ಅಮ್ಮ ನಗುತ್ತ ಅಳುತ್ತಿದ್ದಳು. ಹೆಣ್ಣು. ಬಿಸಿನೀರು ಕುಡಿಯುತ್ತಿದ್ದ ಅಕ್ಕ ನನ್ನನ್ನು ಕಂಡು, "ಇನ್ನೂ ಇಲ್ಲೇ ಇದ್ದೀಯೇನೋ? ಅವರು ಕಾಯ್ತಿರ್ತಾರ, ಹೋಗೋ" ಎಂದಳು.

ಸಿರುಗುಪ್ಪದ ಕಾಲುವೆಯ ಏರಿಯ ಮೇಲೆ ಒಂದು ಬಿಳಿ ಧೋತರ ದೂರದಿಂದಲೇ ಕಂಡಿತು. ದಿನಾ ಅಲ್ಲಿ ಬಂದು ನಿಲ್ಲುತ್ತಿದ್ದರಂತೆ. ಬರುವವನು ನಾನೆಂದು ಅವರಿಗೆ ಗೊತ್ತು, ತರುವುದೇನೆಂದು ಗೊತ್ತಿಲ್ಲ. ಅಷ್ಟು ದೂರ ಅವರನ್ನು ಹಾಗೆ ನಿಲ್ಲಿಸಿಟ್ಟು ತುಳಿಯುವುದು ನನ್ನಿಂದಾಗಲಿಲ್ಲ. "ಇಬ್ರೂ ಚಲೋ ಅದಾರ್ರೀ! ಇಬ್ರೂ!" ಎಂದು ಕೂಗುತ್ತಲೇ ಬಂದೆ. ಹತ್ತಿರ ಹೋಗಿ ನೋಡಿದರೆ ಆಚಾರ್ಯರು ದಾರಿಯ ಧೂಳಿನಲ್ಲಿ ಕೂತುಬಿಟ್ಟಿದ್ದರು.

"ಏನ್ರಿ ಭಾವ, ಇನ್ನೂ ಒಂದು ವಾದ ಉಳದೈತೇನು?" ಶೇಷ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾನೆ. ಎತ್ತು ಹೂಡಿಯಾಗಿದೆ.

ನಿನ್ನೆ ಸಂಜೆಯಿಂದ ಅವನಿಗೆ ನಾನು ಹೇಳಿದ್ದೇನು ಗೊತ್ತೆ? ರಸ್ತೆ ಕೆಟ್ಟಿದೆ. ನಿನ್ನ ಎತ್ತು ಬೆದರುತ್ತವೆ. ಬಿಸಿಲು ಹೆಚ್ಚು. ದಿನದ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದೇನೆ. ಇನ್ನರ್ಧ ಗಳಿಗೆ ಕಳೆದಿದ್ದರೆ ಅದನ್ನೂ ಹೇಳುತ್ತಿದ್ದೆ.

"ಇಲ್ಲ, ಮುಗೀತು. ಹೊರಡ್ರಿ. ನಾನೂ ಬಾದನಹಟ್ಟಿ ತನಕ ಬರ್ತೀನಿ" ಎಂದೆ.

ಬೈಸಿಕಲ್ಲನ್ನು ಬಂಡಿಯ ಪಕ್ಕಕ್ಕೆ ತಂದೆ. ಬೇಗ ಓಡುವುದು ಸುಲಭ ಎಂದು ನಮ್ಮ ಓಣಿ ದಾಟುವುದರೊಳಗೇ ತಿಳಿಯಿತು. ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೋಗುವುದಿದೆಯಲ್ಲ, ಗಾಡಿ ಆ ಕಡೆ ಈ ಕಡೆ ವಾಲುತ್ತದೆ, ಕಾಲು ಊರಬೇಕು, ಮತ್ತೆ ಹತ್ತಬೇಕು. ಕಮಾನಿನೊಳಗಿಂದ ನನ್ನವಳು ನೋಡಿ ನಗುತ್ತಿದ್ದಾಳೆ.

"ಮುಂದ ಹೋಗಿ ನೆಳ್ಳಿಗೆ ಕೂತಿರ್ರಿ" ಎನ್ನುತ್ತಾಳೆ.

ಬೀಳುತ್ತೇನೆ, ಏಳುತ್ತೇನೆ, ಮುಂದೆ ಮಾತ್ರ ಹೋಗುವುದಿಲ್ಲ.