ರೇಣವ್ವ ಆರಿಸಿದ ನಕಲಿ ಜೋಡಿ

ಸಹೃದಯ ವಾಚಕ ಮಹಾಶಯರೇ, ಚಹಾದ ಬಟ್ಟಲನ್ನು ಪಕ್ಕಕ್ಕಿರಿಸಿ ತಾವು ಈ ಪುರವಣಿಯನ್ನು ಬಿಡಿಸಿರುವ ಈ ಶುಭವೇಳೆಯಲ್ಲಿ, ಖ್ಯಾತನಾಮರ ಸಾಲಿಗೆ ಎಂದೂ ಸೇರದ ಓರ್ವ ಮಹಿಳೆಯ ಉದ್ಯೋಗವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಬೇಕು. ಆಕೆಯ ಹೆಸರು ರೇಣವ್ವ, ಊರು ಇಂಡಿ.

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಿಂಬೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಟೆಂಪೋಗಳು ಸಾಲುಗಟ್ಟಿ ನಿಂತಿವೆ. ಹಳ್ಳಿಗಳಿಂದ ಬಂದ ಚೀಲಗಳು ಇಳಿದಿವೆ, ಹರಾಜು ಕೂಗಿಲ್ಲ. ಅದು ಶುರುವಾಗುವವರೆಗೆ ಚಾಲಕರಿಗೂ ಹಮಾಲರಿಗೂ ಕೆಲಸವಿಲ್ಲ. ಆ ಬಿಡುವೇ ರೇಣವ್ವನ ಅನ್ನ. ತಗಡಿನ ಮಾಡಿನ ಒಂದು ಕೋಣೆ, ಒಂದು ಟಿವಿ, ಅದಕ್ಕೆ ಹಚ್ಚಿದ ಹಳೆಯ ವಿಡಿಯೋ ಗೇಮು. ಬಾಗಿಲಲ್ಲಿ ನೀರಿನ ಬಕೀಟು, ಸಾಬೂನು, ಟವೆಲು.

“ಕೈ ತೊಳ್ಕೊಂಡ ಒಳಗ ಬರ್ರಿ. ನಿಂಬಿ ರಸ ಗೇಮಿನ ಗುಂಡ್ಯಾಗ ಇಳದ್ರ ನಾ ಯಾರ ಬಾಗಲಾ ಬಡೀಲಿ?” ಎಂದು ರೇಣವ್ವ ಗದರುತ್ತಾಳೆ.

“ಅಕ್ಕಾ, ನನ್ನ ಮದಿವಿ ದಿನಾನೂ ಇಷ್ಟ ತಿಕ್ಕಿ ತೊಳದಿಲ್ಲ” ಎನ್ನುತ್ತಾನೆ ಟೆಂಪೋ ಚಾಲಕ ಕುತುಬುದ್ದೀನ.

“ಅದಕ್ಕ ನಿನ್ನ ಹೇಣ್ತಿ ತವರಮನಿಗೆ ಹೋಗ್ಯಾಳ!”

ಮೊದಲು ರೇಣವ್ವ ಹೊಲಿಗೆಯವಳು. ಸಿದ್ಧ ಉಡುಪು ಬಂದು ರವಿಕೆಗಳಷ್ಟೇ ಅವಳ ಪಾಲಿಗೆ ಉಳಿದವು. ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ ಮಾಡುವ ಗಂಡ ಸೊಲ್ಲಾಪುರದಿಂದ ಯಾರೋ ಬಳಸಿ ಬಿಟ್ಟ ಈ ಗೇಮನ್ನು ತಂದ. ಕಿಟಕಿಯಲ್ಲಿ ಇಣುಕಿ ನೋಡಿದ ಚಾಲಕರು ಹಣ ಕೊಟ್ಟು ತಾವೂ ಆಡುತ್ತೇವೆಂದು ಹಟ ಹಿಡಿದರು. ಅಂದಿನಿಂದ ಮನೆ ನಡೆಯುವುದು ಇದರ ಮೇಲೆಯೇ. ಎರಡು ಕೈಗಳಲ್ಲಿ ಹಿಡಿದು ಗುಂಡಿ ಒತ್ತುವ ಸಾಧನಕ್ಕೆ ಇಲ್ಲಿ ಎಲ್ಲರೂ ರಿಮೋಟು ಎನ್ನುತ್ತಾರೆ. ಇಬ್ಬರು ಎದುರಾಳಿಗಳಾದರೆ ತಾನೇ ಆಟಕ್ಕೆ ಕಳೆ? ಆದ್ದರಿಂದ ರಿಮೋಟು ಎರಡು ಇರಲೇಬೇಕು.

ಹೋದ ತಿಂಗಳು ಅವುಗಳಲ್ಲೊಂದರ ಗುಂಡಿ ಸಿಕ್ಕಿಕೊಂಡಿದೆ. ರೇಣವ್ವ ಅದನ್ನು ಬಿಚ್ಚಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನೇ ಬಿಟ್ಟಿದ್ದಾಳೆ. “ಮಷೀನ ಜಗ್ಗಿದ್ರ ಎಣ್ಣಿ ಬಿಡ್ತೇವಲ್ರಿ, ಹಂಗ ಇದಕ್ಕೂ ಬಿಟ್ಟೆ. ಒಳಗಿನ ರಬ್ಬರ ಹೋಳಿಗಿ ಉಬ್ಬಿದಂಗ ಉಬ್ಬಿ ಕುಂತು” ಎಂದು, ಮೂಲೆಯಲ್ಲಿ ಹಾಳೆ ಹಿಡಿದು ಕುಳಿತ ಈ ಬರೆಯುವವನಿಗೆ ಹೇಳಿ ತನಗೆ ತಾನೇ ನಗುತ್ತಾಳೆ. ಕಂಪನಿಯ ರಿಮೋಟು ಈಗ ಸೊಲ್ಲಾಪುರದಲ್ಲೂ ಸಿಗುವುದಿಲ್ಲ.

ಅಂದಿನಿಂದ ಉಳಿದ ಒಂದೇ ರಿಮೋಟಿಗಾಗಿ ಪಾಳಿ, ಪಾಳಿಗಾಗಿ ಜಗಳ. ಮೊನ್ನೆ ತಳ್ಳಾಟವೇ ಆಗಿದೆ. ಕೋಣೆಯ ಮಾಲಕ ಬಸಂತರಾಯರು ಬಾಗಿಲಿಗೆ ಬಂದು, “ರೇಣವ್ವ, ಓಣಿ ಮಂದಿ ನನಗ ಬೈತಾರ. ಇನ್ನೊಮ್ಮಿ ಗದ್ದಲ ಕೇಳಿದ್ರ ಕೀಲಿ ಜಡೀತೇನಿ” ಎಂದು ಖಡಾಖಂಡಿತವಾಗಿ ಹೇಳಿಹೋಗಿದ್ದಾರೆ. ಬೀಗ ಬಿದ್ದರೆ ಮತ್ತೆ ರವಿಕೆಗಳ ಮೇಲೆಯೇ ಮನೆ ನಡೆಯಬೇಕು.

ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ತಾಳಿಕೋಟೆಗಳ ಸಂತೆ ಸುತ್ತುವ ಬಾಬುಲಾಲ ಇಂದು ಇಂಡಿಗೆ ಬಂದಿದ್ದಾನೆ. ಅವನ ಗಂಟಿನಲ್ಲಿರುವುದೆಲ್ಲ ನಕಲಿ ರಿಮೋಟುಗಳೇ. ಮೊದಲನೆಯದು ಅಸಲಿಯ ಅವಳಿಯಂತಿದೆ. ಆದರೆ ಅದರ ಪಿನ್ನು ಗೇಮಿನ ಬಾಯಿಗೆ ಕೂರುವುದೇ ಇಲ್ಲ. ಎರಡನೆಯದು ಮಿರಿಮಿರಿ ಮಿಂಚುತ್ತದೆ. ಅದರಲ್ಲೊಂದು ಹೆಚ್ಚಿನ ಗುಂಡಿ. ಅದನ್ನು ಒತ್ತಿ ಹಿಡಿದರೆ ಸಾಕು, ಗುಂಡುಗಳು ತಾವಾಗಿ ಹಾರುತ್ತವೆ.

“ಅಕ್ಕಾ, ಇದ ಇರ್ಲಿ!” ಎಂದು ಕುತುಬುದ್ದೀನ ಅದನ್ನು ಕಸಿದುಕೊಳ್ಳುತ್ತಾನೆ. ಹಳೆಯದನ್ನು ಹಿಡಿದ ಹಮಾಲ ಧರೆಪ್ಪ ಹೆಬ್ಬೆರಳು ನೋಯುವಂತೆ ಒತ್ತಿದರೂ ಸೋಲುತ್ತಾನೆ. ಮತ್ತೆ ಸೋಲುತ್ತಾನೆ.

“ನೀ ಆಡಾಕತ್ತೀಯೋ, ನಿನ್ನ ರಿಮೋಟ ಆಡಾಕತ್ತೇತೋ?” ಧರೆಪ್ಪ ಎದ್ದು ನಿಲ್ಲುತ್ತಾನೆ.

“ಸೋತಾವನ ಬಾಯಿ ದೊಡ್ಡದು, ಕುಂದರಲೇ!”

ಬೆಂಚು ಉರುಳುತ್ತದೆ. ಆಚೆ ಮನೆಯ ಬಾಗಿಲು ಕಿರುಗುಟ್ಟಿದ್ದು ಕೇಳಿ ರೇಣವ್ವ ಓಡಿಬಂದು ಮಿಂಚುವ ರಿಮೋಟನ್ನು ಕಿತ್ತು ಬಾಬುಲಾಲನ ಕೈಗಿಡುತ್ತಾಳೆ. “ಇದು ರಿಮೋಟಲ್ಲೋ ಅಣ್ಣಾ, ಜಗಳದ ಬೀಜ. ಬ್ಯಾರೆ ತೋರಸು.”

ಮೂರನೆಯದು ಬೂದು ಬಣ್ಣದ ಬಡಪಾಯಿ. ಹಗುರ, ಹೆಚ್ಚಿನ ಗುಂಡಿಯಿಲ್ಲ, ವಾಯರು ಗಿಡ್ಡ. ರೇಣವ್ವ ಒಂದೊಂದೇ ಗುಂಡಿ ಒತ್ತಿ, ಪರದೆಯ ಗೊಂಬೆ ಅತ್ತ ಹೋಯಿತೇ, ಇತ್ತ ಹಾರಿತೇ ಎಂದು ನೋಡುತ್ತಾಳೆ. ಎಲ್ಲವೂ ಸರಿಯಿದೆ. ಆದರೆ ಅಷ್ಟರಲ್ಲಿ ಕುತುಬುದ್ದೀನ ಹಳೆಯದನ್ನು ಹಿಡಿದಾಗಿದೆ, ಧರೆಪ್ಪ ಇದನ್ನು ಮುಟ್ಟಲೊಲ್ಲ.

“ಅವಗ ಅಸಲಿ, ನನಗ ಡುಪ್ಲಿಕೇಟ? ನಾ ಏನ ಡುಪ್ಲಿಕೇಟ ಹಮಾಲೇನ?”

ಎಲ್ಲರೂ ನಗುತ್ತಾರೆ. ರೇಣವ್ವ ನಗುವುದಿಲ್ಲ. ಜಗಳ ಮುಗಿದಿಲ್ಲ, ಜಾಗ ಬದಲಿಸಿದೆ ಅಷ್ಟೇ ಎಂದು ಅವಳಿಗೆ ಹೊಳೆಯುತ್ತದೆ. ಒಳ್ಳೆಯದೊಂದು ಕೆಟ್ಟದ್ದೊಂದು ಇರುವತನಕ ಸೋತವನಿಗೆ ನೆಪ ಸಿಕ್ಕೇ ಸಿಗುತ್ತದೆ.

“ಬಾಬುಲಾಲಣ್ಣ, ಇಂಥಾದ್ದ ಇನ್ನೊಂದು ಐತೇನ?”

“ಐತಿ. ಯಾಕವ್ವ? ಇದ್ದ ಅಸಲಿಗೆ ಏನಾಗೇತಿ?”

“ಏನೂ ಆಗಿಲ್ಲ. ಅದಕ್ಕ ಅದನ್ನ ತಗಿಯಾಕತ್ತೇನಿ.”

ಗಂಡ ತಂದ ಗಟ್ಟಿ ರಿಮೋಟನ್ನು ರೇಣವ್ವ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಾಳೆ. ಗೇಮಿಗೆ ಈಗ ಎರಡು ಬೂದು ರಿಮೋಟುಗಳು, ಹೆಗಲಿಗೆ ಹೆಗಲಾಗಿ. ಗಿಡ್ಡ ವಾಯರಿಗೆ ತಕ್ಕಂತೆ ಬೆಂಚನ್ನು ಟಿವಿಯ ಹತ್ತಿರಕ್ಕೆ ಎಳೆಯುತ್ತಾಳೆ. ಇಬ್ಬರೂ ಅಷ್ಟೇ ಹತ್ತಿರ. ಧರೆಪ್ಪ ಈ ಸಲವೂ ಸೋಲುತ್ತಾನೆ. ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಪಕ್ಕದವನದ್ದನ್ನೂ ನೋಡುತ್ತಾನೆ. ಬೈಯಲು ಏನೂ ಸಿಗುವುದಿಲ್ಲ. “ಇನ್ನೊಂದ ಆಟ ಹಚ್ಚಕ್ಕಾ” ಎಂದಷ್ಟೇ ಹೇಳುತ್ತಾನೆ.

ಹರಾಜಿನ ಕೂಗು ಕೇಳಿ ಕೋಣೆ ಬರಿದಾಗುತ್ತದೆ. ಅಷ್ಟರಲ್ಲಿ ಕೈಯಲ್ಲಿ ಬೀಗ ಹಿಡಿದು ಬಸಂತರಾಯರು ಬಂದು ನಿಲ್ಲುತ್ತಾರೆ.

“ಆಗಳೆ ಬೆಂಚ ಬಿದ್ದ ಸಪ್ಪಳ ಕೇಳ್ತು. ಆಮ್ಯಾಲ ಒಮ್ಮಿಗೆ ತಣ್ಣಗಾತು. ಹೊಡೆದಾಡಿ ಸತ್ರೇನ?”

“ಇಲ್ರಿ ಮಾಲಕ್ರ. ಕೈ ತೊಳ್ಕೊಂಡ ಕೂಡ್ರಿ, ತೋರಸ್ತೇನಿ. ನಾನೂ ಇನ್ನಾ ತನಕ ಒಂದ ಆಟ ಪೂರ್ತಿ ಆಡಿಲ್ರಿ. ಆಡಬೇಕಂತ ಭಾಳ ಐತಿ.”

ಬಸಂತರಾಯರು ಬೀಗವನ್ನು ಕಿಟಕಿಯಲ್ಲಿಟ್ಟು ಕೈ ತೊಳೆಯುತ್ತಾರೆ. “ಇದರಾಗ ಚಲೋದು ಯಾವುದು?”

“ಚಲೋದು ಟ್ರಂಕಿನ್ಯಾಗ ಐತ್ರಿ. ಇವೆರಡೂ ಒಂದ ಜಾತೀವು. ಯಾವುದಾರ ತಗೋರಿ.”

ಇಲ್ಲಿ ಬರೆಯುವವನಿಗೆ ಇನ್ನು ಕೆಲಸವಿಲ್ಲ. ಹಾಳೆಗಳನ್ನು ಮಡಚಿ ಚೀಲಕ್ಕಿಟ್ಟು, ಚಪ್ಪಲಿ ಮೆಟ್ಟಿ, ಸಿಂದಗಿಯ ಬಸ್ಸು ಹಿಡಿಯಲು ಓಣಿಗೆ ಇಳಿಯುತ್ತಾನೆ. ಹಿಂದಿನಿಂದ ಬಸಂತರಾಯರ ಗಂಟಲು ಇಡೀ ಓಣಿಗೆ ಕೇಳುತ್ತದೆ: “ಏ ಏ ಏ! ಸತ್ನಲ್ಲ! ಇನ್ನೊಮ್ಮಿ ಹಚ್ಚ ಬೇ!”

“ಸಾವಕಾಶ ಮಾಲಕ್ರ” ಎನ್ನುತ್ತದೆ ರೇಣವ್ವನ ದನಿ, “ಇಷ್ಟ ಗದ್ದಲ ಮಾಡಿದ್ರ ನನ್ನ ಕೋಣಿಗೆ ಕೀಲಿ ಜಡೀತಾರ್ರಿ.”