ಮೂರು ದಿನ ಅನ್ನ ಬಿಟ್ಟವರು

ಇಲ್ಲಿನ ಒಂದು ವಿಶ್ವವಿದ್ಯಾಲಯದಿಂದ ನಮ್ಮ ಕನ್ನಡ ಸಂಘಕ್ಕೆ ಪತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ನಾನೇ. ಕರಾವಳಿಯಿಂದ ಬಂದು ಕತಾರಿನಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇದ್ದವರು ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ ಎಂದು ಅವರಿಗೆ ತಿಳಿಯಬೇಕಿತ್ತು. ಡಾಕ್ಟರು, ನರ್ಸು, ಯಂತ್ರ ಅವರದು, ಜನ ನಮ್ಮದು. ಬಂದವರು ತುಂಬಬೇಕಾದ ಫಾರಂ ಅರೇಬಿಕ್, ಇಂಗ್ಲಿಷ್, ಹಿಂದಿ, ಮಲಯಾಳದಲ್ಲಿತ್ತು, ಕನ್ನಡದಲ್ಲಿ ಇರಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ನಾವು ಯಾರ ಕಣ್ಣಿಗೂ ಬಿದ್ದಿಲ್ಲವೇ ಎಂದು ಮೈ ಉರಿಯಿತು. ಅದೇ ಸಿಟ್ಟಿನಲ್ಲಿ ಎರಡು ಸಂಜೆ ಕೂತು ಇಡೀ ಫಾರಂ ಕನ್ನಡಕ್ಕೆ ತಂದೆ.

ರಕ್ತ ಪರೀಕ್ಷೆಯ ಕ್ಯಾಂಪಿಗೆ ಮೂರು ದಿನ ಇರುವಾಗ ನನ್ನ ಗಂಡ ಅನ್ನ ಬಿಟ್ಟರು. ಒಂದು ಕಟ್ಟಡ ಸಾಮಗ್ರಿ ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಅವರಿಗೆ ಮಧ್ಯಾಹ್ನದ ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ ಇಲ್ಲದಿದ್ದರೆ ಅದು ಊಟವೇ ಅಲ್ಲ. ಅಂಥವರು ಎರಡು ಬೇಯಿಸಿದ ಮೊಟ್ಟೆ ಸಾಕು ಎಂದರು. ಬೆಳಿಗ್ಗೆ ಮೆಂತೆ ನೆನೆಸಿದ ನೀರು, ಸಂಜೆ ಹಾಗಲಕಾಯಿ ರಸ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲು ಹೊಟ್ಟೆ ಇಳಿಸುತ್ತೀರಿ ಎಂದು ಕಾಲೆಳೆದೆ. ಅವರು ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮುಐದರ್ ಬಡಾವಣೆಯಲ್ಲಿ ಸಂಘದವರೊಬ್ಬರ ವಿಲ್ಲಾದ ಹಾಲಿನಲ್ಲಿ ಕ್ಯಾಂಪ್ ಶುರುವಾಯಿತು. ಬೆರಳು ಚುಚ್ಚಿ ನೋಡಿದರೆ ಹೆಚ್ಚುಕಡಿಮೆ ಎಲ್ಲರದೂ ಚೆನ್ನಾಗಿದೆ. ವಿಶ್ವವಿದ್ಯಾಲಯದ ಲೇಡಿ ಡಾಕ್ಟರ್, ಮಾತಿಗೆ ಮೊದಲೇ ನಗುವ ಹೆಂಗಸು, ನಿಮ್ಮವರು ಏನು ತಿನ್ನುತ್ತಾರೆ ಎಂದು ನನ್ನನ್ನು ಕೇಳಿದರು. ನಾನು ಹೆಮ್ಮೆಯಿಂದ ಮೀನಿನ ಬಗ್ಗೆ ಸಣ್ಣ ಭಾಷಣವನ್ನೇ ಮಾಡಿದೆ.

ಆಮೇಲೆ ಸಾಲಿನ ಪಕ್ಕ ಹೋದಾಗ ಒಬ್ಬರು ಇನ್ನೊಬ್ಬರ ಹತ್ತಿರ, ಎಷ್ಟು ದಿನ ಮೆಂತೆ ನೀರು ಕುಡಿದಿರಿ ಎಂದು ವಿಚಾರಿಸುತ್ತಿದ್ದರು. ಯಾರು ಹೇಳಿದ್ದು ಎಂದೆ. ನಿಮ್ಮ ಯಜಮಾನರೇ ವಾಟ್ಸಾಪಿನಲ್ಲಿ ಹಾಕಿದ್ದಲ್ಲವಾ ಎಂದರು. ಅನ್ನ ಬಿಡುವುದು, ಹಾಗಲಕಾಯಿ, ಎಲ್ಲ ವಿವರವಾಗಿ ಬರೆದಿದ್ದರಂತೆ.

ನಮ್ಮ ಜನಕ್ಕೆ ಮೆಡಿಕಲ್ ಎಂದರೆ ಒಂದೇ ಅರ್ಥ: ಗಲ್ಫಿಗೆ ಹೊರಡುವ ಮೊದಲು ಮಾಡಿಸುವುದು. ಅದರಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಊರಲ್ಲೇ ಉಳಿಯಬೇಕು. ಹಾಗಾಗಿ ಯಾರು ಸೂಜಿ ಹಿಡಿದು ಬಂದರೂ ಮೊದಲು ತಯಾರಿ ನಡೆಯುತ್ತದೆ. ಫಾರಂನ ಮೊದಲ ಎರಡು ಸಾಲು ಐಡಿ ನಂಬರ್ ಮತ್ತು ಕಂಪೆನಿಯ ಹೆಸರು. ಅದನ್ನೂ ನಾನು ಸೊಗಸಾಗಿ ಕನ್ನಡ ಮಾಡಿ ಕೊಟ್ಟಿದ್ದೆ. ಓದಿದವನ ಎದೆ ಧಸಕ್ಕೆನ್ನುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ಸಂಘದ ಮಾನ, ನನ್ನ ಮಾನ ಎಲ್ಲ ಹರಾಜು ಹಾಕಿದಿರಿ ಎಂದೆ. ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

"ನನಗೆ ಸಕ್ಕರೆ ಉಂಟು. ಎರಡು ವರ್ಷ ಆಯ್ತು, ಊರಿಗೆ ಹೋದಾಗ ಗೊತ್ತಾದದ್ದು," ಎಂದರು. "ಇಲ್ಲಿ ಡಾಕ್ಟರಿಗೆ ತೋರಿಸಿದ್ರೆ ಅವರು ಬರೀತಾರೆ. ಅದು ಕಂಪೆನಿಗೆ ಗೊತ್ತಾದ್ರೆ ಖಲಾಸ್ ಅಲ್ವಾ?"

ಊರಿನಿಂದ ಬರುವವರ ಕೈಯಲ್ಲಿ ಮಾತ್ರೆ ತರಿಸುತ್ತಿದ್ದರಂತೆ. ಮುಗಿಯುತ್ತಾ ಬಂದರೆ ಅರ್ಧರ್ಧ ನುಂಗುವುದು. ಬಲಗಾಲಿನ ಹೆಬ್ಬೆರಳಿನ ಕೆಳಗೆ ಒಂದು ಹುಣ್ಣು ಬೇರೆ, ಎರಡು ತಿಂಗಳಾದರೂ ಮಾಗಿಲ್ಲ. ಎಸಿ ತಂಪು ಎಂದು ಮನೆಯೊಳಗೂ ಸಾಕ್ಸ್ ಹಾಕುತ್ತಿದ್ದರು, ನಾನು ನಂಬಿದ್ದೆ. ನಮ್ಮ ಊರಿನವರೊಬ್ಬರಿಗೆ ಇಂಥದೇ ಹುಣ್ಣಿನಿಂದ ಕಾಲು ಹೋದದ್ದು ನೆನಪಾಯಿತು. ಮಾನದ ಮಾತು ಅಲ್ಲಿಗೆ ನಿಂತಿತು.

ಮರುದಿನವೇ ಗಂಡನನ್ನು ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋಗಿ ಲೇಡಿ ಡಾಕ್ಟರನ್ನು ಕಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಷ್ಟು ದಿನದ ಕೆಲಸ ನೀರಿಗೆ ಹೋಯಿತೆಂದು ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ತೆಗೆದು ಫಾರಂನ ಆ ಎರಡು ಸಾಲು ಹೊಡೆದುಹಾಕಿದರು. ಯಾವ ಕಾಗದವೂ ಕಂಪೆನಿಗೆ ಹೋಗುವುದಿಲ್ಲ, ನಾನು ಹೇಳಿದರೆ ನಿಮ್ಮವರು ನಂಬುತ್ತಾರಾ ಎಂದು ಕೇಳಿದರು. ನೀವು ಹೇಳಿದರೆ ನಂಬುವುದಿಲ್ಲ, ನಮ್ಮವರೇ ಹೇಳಬೇಕು ಎಂದೆ. ಗಂಡನನ್ನು ಅವರು ಅಂದೇ ಹೆಲ್ತ್ ಸೆಂಟರಿಗೆ ಚೀಟಿ ಕೊಟ್ಟು ಕಳಿಸಿದರು.

ಎರಡನೆಯ ಕ್ಯಾಂಪನ್ನು ಸಂಘ ಮತ್ತು ವಿಶ್ವವಿದ್ಯಾಲಯ ಕೂತು ಮಾತಾಡಿಯೇ ಮಾಡಿದವು. ಅಲ್ ಮುಂತಜಾ ಬಡಾವಣೆಯಲ್ಲಿ ನಾವಿರುವ ಕಟ್ಟಡದ ಕೆಳಗಿನ ಹಾಲಿನಲ್ಲಿ, ಮೊದಲು ಅನ್ನ, ಬಂಗುಡೆ ಸಾರಿನ ಊಟ, ಆಮೇಲೆ ರಕ್ತ. ಈ ಸಲದ ಪರೀಕ್ಷೆ ಮೂರು ತಿಂಗಳ ಸಕ್ಕರೆಯನ್ನು ತೋರಿಸುವಂಥದ್ದು, ಮೂರು ದಿನದ ಉಪವಾಸಕ್ಕೆ ಬಗ್ಗುವುದಿಲ್ಲ. ಹೆಸರಿನ ಬದಲು ಕೈಗೊಂದು ನಂಬರಿನ ಚೀಟಿ. ಆದರೂ ಊಟ ಮುಗಿಸಿದವರು ಕೈ ತೊಳೆದು ಬಾಗಿಲ ಹತ್ತಿರವೇ ನಿಂತರು.

ಆಗ ನನ್ನ ಗಂಡ ಎದ್ದು ಮುಂದೆ ಹೋದರು. ನಾಲ್ಕು ಜನರೆದುರು ಬಾಯಿ ಬಿಡದ ಮನುಷ್ಯ.

"ನನಗೆ ಸಕ್ಕರೆ ಉಂಟು. ಹೆಲ್ತ್ ಸೆಂಟರಿಗೆ ಹೋಗಿ ಮೂರು ವಾರ ಆಯ್ತು. ಇವತ್ತು ಬೆಳಿಗ್ಗೆ ಕೂಡ ಡ್ಯೂಟಿಗೆ ಹೋಗಿ ಬಂದೆ," ಎಂದರು. ಅಷ್ಟೇ ಹೇಳಿ ನರ್ಸಿನ ಮುಂದೆ ತೋಳು ಚಾಚಿ ಕೂತರು. ಸ್ವಲ್ಪ ಹೊತ್ತಿನಲ್ಲಿ ಅವರ ಹಿಂದೆ ಸಾಲು ಬೆಳೆಯಿತು.

ವರದಿ ಬಂದಾಗ, ಆ ಸಲ ಬಹಳ ಜನಕ್ಕೆ ಸಕ್ಕರೆ ಇರುವುದು ಗೊತ್ತಾಯಿತು. ಡಾಕ್ಟರು ನಗಲಿಲ್ಲ, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದರು. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಹೆದರಿ ಬಂದವರಲ್ಲಿ ಕೆಲವರು ಏಳುವಾಗ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ಮುಂದಿನ ವಾರ ಗಂಡನ ಜೊತೆ ನಾನೂ ಹೆಲ್ತ್ ಸೆಂಟರಿಗೆ ಹೋದೆ. ಕಣ್ಣು, ಕಿಡ್ನಿ ಎರಡಕ್ಕೂ ತೊಂದರೆಯಿಲ್ಲ, ಹುಣ್ಣು ಮಾಗುತ್ತಿದೆ, ಕಾಲಿಗೆ ಭಯವಿಲ್ಲ ಎಂದರು ಅಲ್ಲಿನ ಡಾಕ್ಟರು. ಆ ಮಾತು ಕೇಳಿದ ಮೇಲೆಯೇ ನನಗೆ ಹಸಿವಾದದ್ದು. ಕಾರಿಗೆ ಬಂದು ಕೂತ ಮೇಲೆ ಗಂಡ ಕೀ ತಿರುಗಿಸಲಿಲ್ಲ.

"ಒಬ್ಬನೇ ಹೆದರಿ ಹೆದರಿ ಸಾಕಾಗಿತ್ತು ಮಾರಾಯ್ತಿ," ಎಂದರು.

ಇಷ್ಟು ದಿನ ನನ್ನಿಂದ ಮುಚ್ಚಿಟ್ಟದ್ದಕ್ಕೆ ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಅದನ್ನೆಲ್ಲ ಬಿಟ್ಟು, ಇನ್ನು ಹೆದರುವುದಿದ್ದರೆ ಇಬ್ಬರೂ ಸೇರಿ ಹೆದರೋಣ ಎಂದು ಹೇಳಿ, ಪಾರ್ಕಿಂಗಿನಲ್ಲಿ ಯಾರು ನೋಡುತ್ತಾರೆಂದು ಲೆಕ್ಕಿಸದೆ ಅತ್ತುಬಿಟ್ಟೆ.