ಶ್ರುತಿಯ ತಿರುಪು

ಕೀಬೋರ್ಡು ಆರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ ಎಂಬ ಕಾರಣಕ್ಕೆ. ಆಂಟಾಪ್ ಹಿಲ್‌ನ ನಮ್ಮ ಕಾಲನಿಯ ಕನ್ನಡ ಸಂಘ ಆ ವರ್ಷ ಗಣೇಶನ ಹಬ್ಬಕ್ಕೆ ವೇದಿಕೆಯ ಮೇಲೆ ಭಜನೆ ಹಾಡಿಸಿ, ಅದೇ ಹಾಡುಗಳನ್ನು ಕ್ಯಾಸೆಟ್ಟಿಗೂ ತುಂಬಿಸಬೇಕೆಂದು ತೀರ್ಮಾನಿಸಿತ್ತು. ಎರಡಕ್ಕೂ ಒದಗುವಂಥ ಕೀಬೋರ್ಡು ಬೇಕಿತ್ತು. ನುಡಿಸುವವಳೂ ನಾನೇ. ಹಾರ್ಮೋನಿಯಂ ಎಂದಿನಂತೆ ಕೆಳಗಿನ ಮನೆಯ ಮಾಮನದು.

ಮಾಮ ನಮಗೆ ಸಂಬಂಧಿಕರಲ್ಲ. ಉಡುಪಿ ಕಡೆಯವರು, ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ನನಗೆ ಸ್ವರ ಹಿಡಿಯಲು ಕಲಿಸಿದವರು ಅವರೇ. ಅವರ ಹಾರ್ಮೋನಿಯಂ ಅವರ ತಂದೆಯದು. ತಂದೆ ಒಂದೇ ಶ್ರುತಿಯ ಎರಡು ಪೆಟ್ಟಿಗೆಗಳನ್ನು ಮಾಡಿಸಿ ಇಬ್ಬರು ಮಕ್ಕಳಿಗೂ ಒಂದೊಂದು ಕೊಟ್ಟಿದ್ದರಂತೆ. ಶನಿವಾರ ಬಂತೆಂದರೆ ಮಾಮ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಲೋಕಲ್ ಹತ್ತಿ ಭಾಂಡುಪ್‌ನ ತಮ್ಮನ ಮನೆಗೆ ಹೋಗುತ್ತಿದ್ದರು. ಅಲ್ಲಿಯ ಭಜನೆಗೆ ಎರಡೂ ಪೆಟ್ಟಿಗೆ ಒಟ್ಟಿಗೆ ನುಡಿಯಬೇಕು. ಒಂದೇ ಇದ್ದರೆ ಭಜನೆ ಬೋಳು ಎನ್ನುತ್ತಿದ್ದರು.

ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ನನ್ನ ಜೊತೆ ಬಂದವರೂ ಮಾಮನೇ. ಕೊನೆಗೆ ಎರಡು ಕೀಬೋರ್ಡುಗಳು ಉಳಿದವು. ಒಂದರಲ್ಲಿ ನಾದಗಳು ಕಡಿಮೆ, ತಾಳದ ಬಗೆಗಳೂ ಕಡಿಮೆ. ಹಿಂಭಾಗದಲ್ಲಿ ಒಂದು ಪುಟ್ಟ ತಿರುಪು. ಇನ್ನೊಂದು ದೊಡ್ಡದು, ಅದರಲ್ಲಿ ಕೊಳಲಿನಿಂದ ಹಿಡಿದು ಪಿಟೀಲಿನವರೆಗೆ ಎಲ್ಲವೂ ಇತ್ತು, ತಂತಿ ಎಳೆದು ನೇರವಾಗಿ ರೆಕಾರ್ಡಿಂಗ್ ಡೆಕ್ಕಿಗೆ ಕೊಡುವ ಕಿಂಡಿಯೂ ಇತ್ತು. ತಿರುಪು ಮಾತ್ರ ಇರಲಿಲ್ಲ.

"ಈ ತಿರುಪು ಎಂತಕ್ಕೆ ಮಾರಾಯ್ತಿ?" ಎಂದು ಮಾಮ ಕೇಳಿದರು.

"ಶ್ರುತಿ ಸ್ವಲ್ಪ ಹೆಚ್ಚುಕಡಿಮೆ ಮಾಡೋಕೆ ಮಾಮ. ದೊಡ್ಡದಕ್ಕೆ ಅದು ಬೇಕಾಗಲ್ಲ. ಅದರ ಶ್ರುತಿ ಯಾವಾಗಲೂ ಸರಿಯಾಗೇ ಇರತ್ತೆ."

ಅಂಗಡಿಯವನು ನನ್ನ ಮಾತನ್ನು ಕೂಡಲೇ ಹಿಡಿದುಕೊಂಡ. "ಬರಾಬರ್ ಮೇಡಂ. ಡಿಜಿಟಲ್ ಹೈ, ಕಭೀ ಬೇಸೂರ್ ನಹೀ ಹೋಗಾ."

"ಹಾಗಾದ್ರೆ ಅದೇ ಇರ್ಲಿ. ನೀನು ಹೇಳಿದ ಮೇಲೆ ಮುಗೀತು" ಎಂದು ಮಾಮ ಡಬ್ಬವನ್ನು ಹೆಗಲಿಗೇರಿಸಿದರು. ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು.

ಸಮಾಜ ಮಂದಿರದಲ್ಲಿ ಮೊದಲ ಅಭ್ಯಾಸ. ಇಬ್ಬರೂ ಷಡ್ಜ ಹಿಡಿದೆವು. ಎರಡು ನಾದಗಳ ನಡುವೆ ವೊಂವ್ ವೊಂವ್ ಎಂದು ಒಂದು ಅಲೆ ಎದ್ದಿತು. ಎರಡು ಶ್ರುತಿ ತುಸುವೇ ಬೇರೆಯಾದಾಗ ಏಳುವ ಅಲೆ ಅದೆಂದು ನನಗೆ ಗೊತ್ತಿತ್ತು. ಅದರ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಹಾರ್ಮೋನಿಯಂ ಕೂದಲೆಳೆಯಷ್ಟು ಮೇಲಿತ್ತು. ನನ್ನ ಕೀಬೋರ್ಡಿನ ಗುಂಡಿ ಒತ್ತಿದರೆ ಶ್ರುತಿ ಇಡೀ ಅರ್ಧ ಸ್ವರ ಜಿಗಿಯುತ್ತಿತ್ತು, ಅದಕ್ಕಿಂತ ಕಡಿಮೆ ಸರಿಸಲು ದಾರಿಯೇ ಇರಲಿಲ್ಲ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ.

ಸಂಘದ ಕಾರ್ಯದರ್ಶಿ, ಬೆಂಗಳೂರಿನವರು, ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಸ್ಟೇಜ್ ಮೇಲೆ ಹೇಗೋ ನಡೆಯತ್ತೆ. ರೆಕಾರ್ಡಿಂಗ್‌ನಲ್ಲಿ ಕರ್ಕಶ ಕೇಳತ್ತೆ. ನಿನ್ನ ಮಷಿನ್ನಲ್ಲೇ ಹಾರ್ಮೋನಿಯಂ ಸೌಂಡ್ ಇದೆಯಲ್ಲ? ನಿಮ್ಮ ಮಾಮನಿಗೆ ತಾಳ ಬಾರಿಸೋಕೆ ಕೊಟ್ಟುಬಿಡೋಣ."

"ಒಂದು ವಾರ ಟೈಮ್ ಕೊಡಿ" ಎಂದೆ. ಆ ವಾರ ಮೂರು ಅಂಗಡಿ ಸುತ್ತಿದೆ. ಏನೂ ಸಿಗಲಿಲ್ಲ.

ಮುಂದಿನ ಭಾನುವಾರ ಮಾಮ ಪೆಟ್ಟಿಗೆ ಬಿಚ್ಚಿ, "ಈಗ ಸಾ ಹಿಡಿ" ಎಂದರು. ಹಿಡಿದೆ. ಅಲೆ ಇರಲಿಲ್ಲ. ಮೇಲಿನ ಸಪ್ತಕ, ಕೆಳಗಿನದು, ಎಲ್ಲಿಯೂ ಇರಲಿಲ್ಲ.

"ಏನು ಮಾಡಿದ್ರಿ ಮಾಮ?"

"ದಾದರಲ್ಲಿ ಪೆಟ್ಟಿಗೆ ರಿಪೇರಿಯವ ಇದ್ದಾನಲ್ಲ, ಅವನ ಹತ್ರ ಕೆರೆಸಿದೆ. ನಿನ್ನ ಮಷಿನಿಗೆ ತಗ್ಗಲಿಕ್ಕೆ ಬರುದಿಲ್ಲ, ಇದಕ್ಕೆ ಬರ್ತದೆ. ಯಾರಾದ್ರೂ ಒಬ್ರು ತಗ್ಗಬೇಕಲ್ಲ?" ಎಂದು ನಕ್ಕರು.

ಹಾರ್ಮೋನಿಯಂನ ಒಂದೊಂದು ಸ್ವರಕ್ಕೂ ಒಳಗೆ ಒಂದೊಂದು ಹಿತ್ತಾಳೆಯ ನಾಲಗೆ ಇರುತ್ತದೆ. ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ. ಹೊರಟುಹೋದ ಹಿತ್ತಾಳೆ ಹೊರಟೇಹೋಯಿತು. ಕಾರ್ಯದರ್ಶಿ ಚಪ್ಪಾಳೆ ತಟ್ಟಿದರು. ನಾನು ಕೈಯನ್ನು ಕೀಬೋರ್ಡಿನ ಮೇಲಿಟ್ಟುಕೊಂಡೇ ಕುಳಿತಿದ್ದೆ. ಭಾಂಡುಪ್‌ನ ಇನ್ನೊಂದು ಪೆಟ್ಟಿಗೆಯ ನೆನಪು ನನಗೆ ಆಗಲೇ ಬಂದಿತ್ತು, ಕೇಳುವ ಧೈರ್ಯವಾಗಲಿಲ್ಲ.

ಕ್ಯಾಸೆಟ್ಟು ಚೆನ್ನಾಗಿಯೇ ಬಂತು. ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಬೆವರೊರೆಸಿಕೊಳ್ಳುತ್ತ ಹಾಡಿದೆವು. ಆದರೆ ನನ್ನ ವಾದ್ಯದ ನಾದ ತಂತಿಯಲ್ಲಿ ನೇರವಾಗಿ ಡೆಕ್ಕಿಗೆ ಹೋಗಿತ್ತು, ಮಾಮನದು ಹಾಡುವವರ ಮೈಕಿನಲ್ಲಿ ಸಿಕ್ಕಷ್ಟು. ಕಿವಿಗೊಟ್ಟು ಕೇಳಿದರೆ ಹಿಂದೆಲ್ಲೋ ಇದೆ. ಮಾಮ ಮಾತ್ರ ಹೋಟೆಲಿನಲ್ಲಿ ಅದನ್ನೇ ಹಾಕಿಸಿ, ಬಿಲ್ಲು ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರಂತೆ: "ಕೇಳಿ, ನಮ್ಮ ಹುಡುಗಿ ನುಡಿಸಿದ್ದು."

ಹಬ್ಬ ಮುಗಿದ ಮೇಲೆ ಒಂದು ಶನಿವಾರ ನಾನೂ ಅವರ ಜೊತೆ ಭಾಂಡುಪ್‌ಗೆ ಹೋದೆ. ಅವರ ಕೈಯಲ್ಲಿ ಗೋಣಿಚೀಲವಿರಲಿಲ್ಲ. ಜೇಬಿನಲ್ಲಿ ತಾಳವಿತ್ತು.

"ಬನ್ನಿ ಬನ್ನಿ" ಎಂದರು ತಮ್ಮ. "ಅಣ್ಣ ಈಗ ನಿಮ್ಮ ಪಾರ್ಟಿ. ನಮ್ಮ ಜೊತೆ ಅವನ ಶ್ರುತಿ ಕೂಡುದಿಲ್ಲ."

"ನಿನ್ನ ಶ್ರುತಿ ಯಾವಾಗ ಕೂಡಿತ್ತು? ಸುಮ್ಮನೆ ಬಾರಿಸು" ಎಂದರು ಮಾಮ.

ಮನೆಯವರು ನಕ್ಕರು. ಒಂದೇ ಪೆಟ್ಟಿಗೆಯ ಭಜನೆ ಶುರುವಾಯಿತು. ಬರುವಾಗ ರೈಲಿನಲ್ಲಿ ಕೇಳಿದೆ. "ನಾಲಗೆಯ ತುದಿ ಕೆರೆಸಿದರೆ ಸ್ವರ ಮತ್ತೆ ಏರತ್ತಲ್ವಾ ಮಾಮ?"

"ಏರ್ತದೆ. ಆದ್ರೆ ತೆಳ್ಳಗಾಗಿದೆ, ಇನ್ನು ಕೆರೆದ್ರೆ ಮುರೀತದಂತೆ."

"ಹಾಗಾದರೆ ನಿಮ್ಮ ತಮ್ಮನದನ್ನೂ ಕೆರೆಸಿ..."

"ಬೇಡ. ಅಪ್ಪನ ಶ್ರುತಿಯದ್ದು ಒಂದಾದ್ರೂ ಇರ್ಲಿ." ಅಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ನೌಕರಿ ಸಿಕ್ಕಿದ ಮೇಲೆ ನಾನು ಮೊದಲು ಕೊಂಡದ್ದು ಹಿಂದೆ ತಿರುಪಿದ್ದ ಆ ಸಣ್ಣ ಕೀಬೋರ್ಡನ್ನು. ಯಾಕೆ ಎಂದು ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಮಾಮನನ್ನು ಪೆಟ್ಟಿಗೆ ತರುವಂತೆ ಬಲವಂತ ಮಾಡಿ, ಇಬ್ಬರೂ ಹೊರೆ ಹೊತ್ತು ಭಾಂಡುಪ್‌ಗೆ ಹೋದೆವು. ಮಾಮನ ತಮ್ಮ ಸಾ ಹಿಡಿದರು. ನಾನು ಬೆರಳ ತುದಿಯಲ್ಲಿ ತಿರುಪನ್ನು ಸರಿಸುತ್ತ ಹೋದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಒಂದು ಹಾಡು ನುಡಿಸಿದೆವು. ಆಮೇಲೆ ಮಾಮನ ಪೆಟ್ಟಿಗೆಗೆ ಸರಿಸಿದೆ. ಅದೂ ಕೂಡಿತು. ಆ ಹಾಡಿಗೆ ಅವರ ತಮ್ಮ ತಾವು ನುಡಿಸುತ್ತಿದ್ದ ಪೆಟ್ಟಿಗೆಯ ಮುಚ್ಚಳ ಹಾಕಿ ಕೈಕಟ್ಟಿ ಕುಳಿತರು.

ಬರುವ ಮೊದಲೇ ಇದು ನನಗೆ ಗೊತ್ತಿರಬೇಕಿತ್ತು. ತಿರುಪು ಒಂದು ಸಲಕ್ಕೆ ಒಂದೇ ಕಡೆ ನಿಲ್ಲುತ್ತದೆ.

ಮಾಮ ಬಗ್ಗಿ ಕೀಬೋರ್ಡಿನ ಹಿಂಭಾಗ ನೋಡಿದರು, ತಾವೂ ಒಮ್ಮೆ ಅದನ್ನು ತಿರುಗಿಸಿ ನೋಡಿದರು. "ಚಂದ ಉಂಟು ಮಾರಾಯ್ತಿ" ಎಂದರು. ಮತ್ತೆ ತಮ್ಮನ ಶ್ರುತಿಗೆ ತಂದಿಡಲು ನನಗೆ ಕೈಸನ್ನೆ ಮಾಡಿ, ಜೇಬಿನಿಂದ ತಾಳ ತೆಗೆದರು.